ಮಳೆಗಾಲದ ಹೊಳೆಗೆ ರಾಫ್ಟಿಂಗ್: ಬೆಂಗಳೂರಿನಿಂದ ಬರಪೊಳೆಗೆ ಹೊರಡುವ ಮುಂಚೆ

ಜೂನ್‌ನಲ್ಲಿ ಬೆಂಗಳೂರಿಗೆ ನಾಲ್ಕು ಹನಿ ಬಿದ್ದರೆ ಸಾಕು, ನನ್ನ ಫೋನಿಗೆ ಮೆಸೇಜ್ ಶುರು. ಆಫೀಸಿನವರು, ಅಪಾರ್ಟ್‌ಮೆಂಟಿನವರು, ಅಕ್ಕನ ಮಗ, ಅವನ ರೂಮ್‌ಮೇಟು. ಪ್ರಶ್ನೆ ಮಾತ್ರ ಒಂದೇ: "ಕೊಡಗಿಗೆ ರಾಫ್ಟಿಂಗ್ ಹೋಗೋಣ ಅಂತಿದ್ದೀವಿ, ಭಯ ಏನಿಲ್ಲ ಅಲ್ವಾ?" ರಾಫ್ಟಿಂಗ್ ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ (ಅದೇ ರಾಫ್ಟ್) ಗುಂಪಾಗಿ ಹುಟ್ಟು ಹಾಕುತ್ತಾ ರಭಸದ ಹೊಳೆಯಲ್ಲಿ ಸಾಗುವುದು. ಒಬ್ಬೊಬ್ಬರಿಗೂ ಒಂದೇ ಉತ್ತರ ಟೈಪ್ ಮಾಡಿ ಸಾಕಾಗಿದೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಮಟ್ಟಿಗೆ, ಇಳಿಯಬಾರದ ನೀರಿಗೆ ಜನ ಇಳಿಯುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: "ಇಷ್ಟು ದೂರ ಬಂದಿದ್ದೀವಿ, ದುಡ್ಡು ಬೇರೆ ಕಟ್ಟಿದ್ದೀವಿ." ಹಾಗಾಗಿ ಕೆಳಗಿನ ಎಷ್ಟೋ ಸಲಹೆಗಳು ಹೊಳೆಗೆ ಇಳಿಯುವುದಕ್ಕಿಂತ ಇಳಿಯದೆ ವಾಪಸ್ ಬರುವುದನ್ನು ಸುಲಭ ಮಾಡಿಕೊಳ್ಳುವ ಬಗ್ಗೆಯೇ ಇವೆ.

1. ಹೊಳೆ ಯಾವುದು, ತಿಂಗಳು ಯಾವುದು

ಇಳಿಜಾರು, ಬಂಡೆ, ಇಕ್ಕಟ್ಟು ಮೂರೂ ಸೇರಿ ನೀರು ನೊರೆಯೆದ್ದು ನುಗ್ಗುವ ಜಾಗಕ್ಕೆ ರ್‍ಯಾಪಿಡ್ ಅನ್ನುತ್ತಾರೆ. ಇವನ್ನು 1ರಿಂದ 6ರವರೆಗೆ ಗ್ರೇಡ್ ಮಾಡುತ್ತಾರೆ. 1 ಅಂದರೆ ಸುಮ್ನೆ ಹರಿಯುವ ನೀರು. 2ರಲ್ಲಿ ಸಣ್ಣ ಅಲೆ, ದಾರಿ ಸ್ಪಷ್ಟ. 3ರಲ್ಲಿ ಅಲೆ ದೊಡ್ಡದು, ದೋಣಿಯನ್ನು ತಿರುಗಿಸಿ ತಿರುಗಿಸಿ ಸಾಗಿಸಬೇಕು. 4ರಲ್ಲಿ ಸೆಳವು ಜೋರು, ತಪ್ಪಿದರೆ ನೀರಿಗೆ ಬಿದ್ದವರನ್ನು ಎತ್ತುವುದೂ ಕಷ್ಟ. 5 ಪಳಗಿದವರಿಗೆ ಮಾತ್ರ. 6ನ್ನು ಮರೆತುಬಿಡಿ.

ಬೆಂಗಳೂರಿನವರು ಹೆಚ್ಚಾಗಿ ಯೋಚಿಸುವುದು ಎರಡು ಹೊಳೆಗಳ ಬಗ್ಗೆ. ಒಂದು, ದಾಂಡೇಲಿ ಹತ್ತಿರ ಗಣೇಶಗುಡಿಯ ಕಾಳಿ. ಇದು ಸೂಪಾ ಅಣೆಕಟ್ಟಿನ ಕೆಳಗಡೆ ಇದೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ರಾಫ್ಟಿಂಗ್ ನಡೆಯುತ್ತದೆ, ಅದಕ್ಕೆ ಮಳೆ ನಿಂತ ಮೇಲೆ, ಬೇಸಿಗೆಯಲ್ಲೂ ಆಗುತ್ತದೆ. ಬೆಂಗಳೂರಿನಿಂದ 460 ಕಿ.ಮೀ. ಆಸುಪಾಸು. ಇನ್ನೊಂದು ದಕ್ಷಿಣ ಕೊಡಗಿನ ಬರಪೊಳೆ. ಇದು ಪೂರ್ತಿ ಮಳೆಯ ಹೊಳೆ. ಬ್ರಹ್ಮಗಿರಿ ಬೆಟ್ಟಸಾಲಿನಲ್ಲಿ ಹುಟ್ಟಿ, ಪಶ್ಚಿಮಕ್ಕೆ ಧುಮುಕಿ, ಕೇರಳದಲ್ಲಿ ವಳಪಟ್ಟಣಂ ಹೊಳೆಗೆ ಸೇರುತ್ತದೆ. ಕಾವೇರಿ ಹಾಗೆ ನಿಧಾನಕ್ಕೆ ಪೂರ್ವಕ್ಕೆ ಹರಿಯುವ ಜಾಯಮಾನ ಇದಕ್ಕಿಲ್ಲ. ಸ್ವಲ್ಪ ದೂರದಲ್ಲೇ ಜಾಸ್ತಿ ಇಳಿಯುತ್ತದೆ. ರ್‍ಯಾಪಿಡ್‌ಗಳು ಗ್ರೇಡ್ 2ರಿಂದ 4ರ ತನಕ. ಒಂದಕ್ಕೆ 'ಮಾರ್ನಿಂಗ್ ಕಾಫಿ' ಅಂತ ಹೆಸರು. ಹೆಸರು ಕೇಳಿ ಮೋಸ ಹೋಗಬೇಡಿ.

ಗ್ರೇಡ್ ಬ್ರೋಷರಿನಲ್ಲಿ ಅಚ್ಚಾದ ಮೇಲೆ ಬದಲಾಗುವುದಿಲ್ಲ, ಹೊಳೆಯಲ್ಲಿ ಬದಲಾಗುತ್ತದೆ. ಹೋದ ವಾರ 3 ಇದ್ದ ಜಾಗ ನೀರು ಏರಿದ ದಿನ 4 ಆಗಿರುತ್ತದೆ.

ತಿಂಗಳ ವಿಷಯಕ್ಕೆ ಬಂದರೆ, ಬರಪೊಳೆಯ ಸೀಸನ್ ಜೂನ್ ಕೊನೆಯಿಂದ ಸೆಪ್ಟೆಂಬರ್. ಮೊದಲ ಸಲ ಹೋಗುವವರಿಗೆ ನನ್ನ ಓಟು ಸೆಪ್ಟೆಂಬರಿಗೆ. ಕೊಡವರ ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಅಲ್ಲಿ ಮಳೆ ಸುರಿಯುವ ರೀತಿಯೇ ಬೇರೆ. ಮದ್ದು ಸೊಪ್ಪಿನ ಪಾಯಸ ಮಾಡಿ ಮನೆಯೊಳಗೆ ಕೂರುವ ಕಾಲ ಅದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿದ್ದು, ಎರಡೂ ಇದೇ ಸಮಯದಲ್ಲಿ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆಯಲಿ, ಆಮೇಲೆ ಹೋಗಿ.

2. ಗುಂಪಿನಲ್ಲಿ ಯಾರ್‍ಯಾರಿದ್ದಾರೆ

"ಈಜು ಬರಲ್ಲ, ಪರವಾಗಿಲ್ವಾ?" ಗ್ರೇಡ್ 2ಕ್ಕೆ ಒಳ್ಳೆಯ ಜಾಕೆಟ್, ಒಳ್ಳೆಯ ಗೈಡ್ ಇದ್ದರೆ ಪರವಾಗಿಲ್ಲ. ಮಳೆಗಾಲದ ಬರಪೊಳೆಗೆ ನನ್ನ ಉತ್ತರ ಬೇಡ ಅಂತಲೇ. ರಾಫ್ಟಿಂಗ್ ನಡೆಸುವವರು "ಈಜು ಬೇಕಿಲ್ಲ ಸಾರ್" ಅಂದರೂ ನನ್ನದು ಇದೇ ಉತ್ತರ. ಈಜು ಬೇಕಿರುವುದು ಮುಳುಗದೇ ಇರುವುದಕ್ಕಲ್ಲ, ಆ ಕೆಲಸ ಜಾಕೆಟ್ ಮಾಡುತ್ತದೆ. ಮುಖಕ್ಕೆ ನೀರು ಬಡಿದಾಗ ಗಾಬರಿಯಾಗದೆ ಉಸಿರು ಹಿಡಿಯಬೇಕು. ಅದು ನೀರಿನ ಅಭ್ಯಾಸ ಇದ್ದವರಿಗೆ ಮಾತ್ರ ಬರುತ್ತದೆ.

ಹೊರಡುವುದಕ್ಕೆ ಆರು ವಾರ ಮುಂಚೆ ಹತ್ತಿರದ ಈಜುಕೊಳಕ್ಕೆ ಹೋಗಿ ಮೂರು ಕೆಲಸ ಮಾಡಿ ನೋಡಿ. ನಿಲ್ಲದೆ 50 ಮೀಟರ್ ಈಜಿ. ಬೆನ್ನ ಮೇಲೆ ಐದು ನಿಮಿಷ ತೇಲಿ. ತಲೆ ಮುಳುಗಿಸಿ ಹತ್ತರವರೆಗೆ ಎಣಿಸಿ. ಮೂರನೆಯದನ್ನು ಮಾಡಲು ಹೆದರುವವರು ಈ ಸಲ ದಡದಲ್ಲಿ ಫೋಟೊ ತೆಗೆಯಲಿ.

ಹೃದಯದ ತೊಂದರೆ, ಫಿಟ್ಸ್, ಬೆನ್ನಿನ ಅಥವಾ ಕುತ್ತಿಗೆಯ ಹಳೇ ಪೆಟ್ಟು, ಒಮ್ಮೆ ಜಾರಿದ ಭುಜ, ಗರ್ಭಿಣಿಯರು, ಇವರಿಗೆ ರಾಫ್ಟ್ ಬೇಡ. ಆಸ್ತಮಾ ಇದ್ದರೆ ಗೈಡಿಗೆ ಹೇಳಿ, ಇನ್‌ಹೇಲರನ್ನು ಗೈಡಿನ ನೀರು ಹೋಗದ ಚೀಲದಲ್ಲಿ ಹಾಕಿಸಿ. ಗುಂಪಿನ ಮುಂದೆ ಹೇಳಲು ನಾಚಿಕೆ ಅನ್ನುವವರನ್ನು ನೀವೇ ಪಕ್ಕಕ್ಕೆ ಕರೆದು ಕೇಳಿ.

ಇನ್ನು, ನಾನೇ ಸ್ವಂತ ಕಯಾಕ್ ಹುಟ್ಟು ಹಾಕಿಕೊಂಡು ಹೋಗುತ್ತೇನೆ ಅನ್ನುವವರಿದ್ದೀರಿ. ಕಯಾಕ್ ಅಂದರೆ ಒಬ್ಬರೇ ಕೂರುವ ಸಣ್ಣ ದೋಣಿ. ಅದು ಮಗುಚಿದಾಗ ಒಳಗೆ ಕೂತೇ ಸೊಂಟ ತಿರುಗಿಸಿ ಮೇಲೇಳುವುದಕ್ಕೆ ರೋಲ್ ಅನ್ನುತ್ತಾರೆ. ನಿಂತ ನೀರಿನಲ್ಲಿ ಹತ್ತಕ್ಕೆ ಹತ್ತು ಸಲ ರೋಲ್ ಬರುವವರೆಗೆ ಬೆಟ್ಟದ ಹೊಳೆಯ ಮಾತು ಬೇಡ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬೆಂಗಳೂರಿನಲ್ಲೇ ಇದೆ, ಅಲ್ಲಿ ತರಬೇತಿ ವಿಚಾರಿಸಿ.

3. ನಡೆಸುವವರಿಗೆ ಫೋನಿನಲ್ಲಿ ಕೇಳಬೇಕಾದದ್ದು

ರೇಟು ಕೇಳುವ ಮುಂಚೆ ಇದನ್ನು ಕೇಳಿ: "ನೀರು ಎಷ್ಟಾದರೆ ಟ್ರಿಪ್ ನಿಲ್ಲಿಸುತ್ತೀರಿ?"

ಒಳ್ಳೆಯವರ ಉತ್ತರ ಒಂದು ಗುರುತಿನ ಮೇಲೆ ನಿಂತಿರುತ್ತದೆ. ಇಂಥ ಬಂಡೆ ಮುಳುಗಿದರೆ ನಿಲ್ಲಿಸುತ್ತೇವೆ, ಸೇತುವೆ ಕಂಬದ ಈ ಗೆರೆ ದಾಟಿದರೆ ಇಳಿಸುವುದಿಲ್ಲ, ಹೀಗೆ. "ಏನಾಗಲ್ಲ ಸಾರ್, ದಿನಾ ನಡೀತಿದೆ" ಅಂದರೆ ಫೋನಿಡಿ.

ಆಮೇಲೆ ಉಳಿದವು. ಜೊತೆಗೆ ಸೇಫ್ಟಿ ಕಯಾಕ್ ಬರುತ್ತದಾ? ಅಂದರೆ ರಾಫ್ಟಿನ ಮುಂದೆ ಕಯಾಕಿನಲ್ಲಿ ಒಬ್ಬರು ಹೋಗಿ, ನೀರಿಗೆ ಬಿದ್ದವರನ್ನು ಹಿಡಿಯುವ ವ್ಯವಸ್ಥೆ. ಪ್ರತಿ ರಾಫ್ಟಿನಲ್ಲೂ ಥ್ರೋ ಬ್ಯಾಗ್, ಅಂದರೆ ಎಸೆಯುವ ಹಗ್ಗದ ಚೀಲ, ಇದೆಯಾ? ಒಂದೇ ರಾಫ್ಟ್ ಹೋಗುತ್ತದಾ, ಎರಡಾ? ಎರಡಿದ್ದರೆ ಒಂದಕ್ಕೆ ಇನ್ನೊಂದು ಆಸರೆ. ಗೈಡಿಗೆ ಪ್ರಥಮ ಚಿಕಿತ್ಸೆ, ಸಿ.ಪಿ.ಆರ್. (ಹೃದಯ ನಿಂತಾಗ ಎದೆ ಒತ್ತಿ, ಉಸಿರು ಕೊಡುವುದು) ತರಬೇತಿ ಆಗಿದೆಯಾ? ಪ್ರವಾಸೋದ್ಯಮ ಇಲಾಖೆ ಮತ್ತು ಜಿಲ್ಲಾಡಳಿತದ ಪರವಾನಗಿ ಈ ವರ್ಷದ್ದೇ ಇದೆಯಾ? ಅದರ ಫೋಟೊ ಕಳಿಸಲು ಹೇಳಿ. ಕಳಿಸಲು ಕಷ್ಟವೇನಿಲ್ಲ, ಇದ್ದರೆ.

ಇನ್ಶೂರೆನ್ಸ್ ಬಗ್ಗೆ ಗೊಂದಲ ಜಾಸ್ತಿ. ನಮ್ಮ ಆರೋಗ್ಯ ವಿಮೆಗಳಲ್ಲಿ ಸಾಹಸ ಕ್ರೀಡೆಗೆ ಪರಿಹಾರವಿಲ್ಲ ಅನ್ನುವ ಒಂದು ಸಿದ್ಧ ಷರತ್ತು ಇರುತ್ತದೆ, ಅದರ ಕೋಡ್ ಎಕ್ಸ್‌ಕ್ಲ್ 09 (Excl09). ಅದರಲ್ಲಿ ರಾಫ್ಟಿಂಗ್ ಹೆಸರೂ ಇದೆ. ಆದರೆ ವಾಕ್ಯವನ್ನು ಪೂರ್ತಿ ಓದಿ: ವೃತ್ತಿಪರರಾಗಿ ಭಾಗವಹಿಸಿದರೆ ಅಂತಿರುತ್ತದೆ. ನೀವು ವೃತ್ತಿಪರರಲ್ಲವಲ್ಲ. ಅಪಘಾತ ವಿಮೆ, ಟ್ರಾವೆಲ್ ವಿಮೆಗಳ ಷರತ್ತು ಬೇರೆ ಥರ ಇರಬಹುದು. ನಿಮ್ಮ ಪಾಲಿಸಿಯನ್ನೇ ತೆಗೆದು ನೋಡಿ.

4. ದುಡ್ಡು ಕಟ್ಟುವ ಮುಂಚೆ ಗೆರೆ ಎಳೆಯಿರಿ

ಈ ಹಂತವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ.

ಬೆಂಗಳೂರಿನಲ್ಲಿ ಒಣಗಿದ ಬಟ್ಟೆಯಲ್ಲಿ, ಕೈಯಲ್ಲಿ ಕಾಫಿ ಇರುವಾಗಲೇ ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಹಾಕಿ: ಕೊಡಗಿಗೆ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇದ್ದರೆ ಹೊರಡುವುದೇ ಇಲ್ಲ. ಆರೆಂಜ್ ಇದ್ದರೆ ಹೋದರೂ ಹೊಳೆಗೆ ಇಳಿಯುವುದಿಲ್ಲ. ಗುಂಪಿನಲ್ಲಿ ಯಾರಾದರೂ ಒಬ್ಬರು ದಡದಲ್ಲಿ ಬೇಡ ಅಂದರೆ, ಅವರು ಕಾರಣ ಕೊಡಬೇಕಿಲ್ಲ, ಯಾರೂ ಕೆಣಕುವಂತಿಲ್ಲ. ಎಲ್ಲರೂ ಸರಿ ಅಂತ ಹೆಬ್ಬೆರಳು ಒತ್ತಲಿ.

ಆಮೇಲೆ ಬುಕಿಂಗ್. ಪೂರ್ತಿ ಹಣ ಮುಂಗಡ ಕೇಳುವವರು ಬೇಡ. ಮಳೆಯಿಂದ ನಿಂತರೆ ದಿನಾಂಕ ಬದಲಾಯಿಸಿ ಕೊಡುವವರನ್ನು ಹುಡುಕಿ. ಹೋಂಸ್ಟೇ ಆರಿಸುವಾಗ ರಾಫ್ಟಿಂಗ್ ಇಲ್ಲದಿದ್ದರೂ ಎರಡು ದಿನ ಕಳೆಯಬಹುದಾ ಅಂತ ನೋಡಿ. ಬಿಸಿ ಕಡಂಬುಟ್ಟು, ಪಂದಿ ಕರಿ, ಹಂಚಿನ ಮೇಲೆ ಮಳೆ ಬೀಳುವ ಸದ್ದು ಇದ್ದರೆ ಹೊಳೆಗೆ ಇಳಿಯದೆ ಬಂದ ಬೇಜಾರು ಅರ್ಧ ಕಮ್ಮಿಯಾಗುತ್ತದೆ. ಸ್ವಲ್ಪ ಸುತ್ತಾದರೂ ಟಿಬೆಟನ್ನರ ಬೈಲುಕುಪ್ಪೆಗೂ ಹೋಗಿ ಬರಬಹುದು.

ರಾಫ್ಟಿಂಗ್ ಶನಿವಾರ ಬೆಳಗ್ಗೆ ಇಟ್ಟುಕೊಳ್ಳಿ, ಭಾನುವಾರ ಖಾಲಿ ಬಿಡಿ. ಶನಿವಾರ ನೀರು ಜಾಸ್ತಿ ಇದ್ದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ. ಶನಿವಾರ ರಾತ್ರಿಯ ಗುಂಡು ಪಾರ್ಟಿ ಮುಗಿಸಿ ಭಾನುವಾರ ಬೆಳಗ್ಗೆ ಹೊಳೆಗೆ ಹೋಗುವ ಪ್ಲಾನ್ ಇದ್ದರೆ ಈಗಲೇ ಬದಲಾಯಿಸಿ.

5. ಮಳೆಯ ಲೆಕ್ಕ

ಹೊರಡುವ ವಾರದ ಸೋಮವಾರದಿಂದ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ದಿನಾ ನೋಡಿ. ಅವರ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಇನ್ನೂ ಮೇಲಿನದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿಗೂ ಫೋನ್ ಮಾಡಿ ಕೇಳಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ತಾವು ನಿಂತ ಜಾಗದ ಆಕಾಶ ನೋಡುತ್ತಾರೆ. ನೋಡಬೇಕಾದ್ದು ಬೆಟ್ಟದ ಮೇಲಿನ ಆಕಾಶ. ದಡದಲ್ಲಿ ಬಿಸಿಲಿದ್ದರೂ ಬ್ರಹ್ಮಗಿರಿ ಮೇಲೆ ರಾತ್ರಿಯಿಡೀ ಸುರಿದಿದ್ದರೆ ಆ ನೀರು ದಾರಿಯಲ್ಲಿದೆ. ಹಾಗಾಗಿ ಹೋಂಸ್ಟೇಯವರಿಗೆ ಶುಕ್ರವಾರ ಒಂದು ಫೋನ್ ಮಾಡಿ, "ನಿನ್ನೆ ರಾತ್ರಿ ಎಷ್ಟು ಇಂಚು ಬಿತ್ತು?" ಅಂತ ಕೇಳಿ. ಕೊಡಗಿನ ಕಾಫಿ ಬೆಳೆಗಾರರಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆದಿಡುವವರು ತುಂಬ ಜನ. ಇಂಚಿನಲ್ಲೇ ಹೇಳುತ್ತಾರೆ, ಒಂದಿಂಚು ಅಂದರೆ ಸುಮಾರು 25 ಮಿ.ಮೀ.

6. ಪ್ರಯಾಣ

ಮೈಸೂರು, ಹುಣಸೂರು, ಗೋಣಿಕೊಪ್ಪ, ಪೊನ್ನಂಪೇಟೆ. ಸುಮಾರು 240 ಕಿ.ಮೀ., ಮಳೆಯಲ್ಲಿ ಆರು ಗಂಟೆ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಹೊರಟು, ನಿದ್ದೆಯಿಲ್ಲದೆ ಬೆಳಗ್ಗೆ ನೇರ ಹೊಳೆಗೆ ಹೋಗುವುದು ಬೇಡ. ತಿತಿಮತಿ ಸುತ್ತಮುತ್ತ ಆನೆಗಳಿವೆ, ಕತ್ತಲಾಗುವ ಮುಂಚೆ ದಾಟಿಬಿಡಿ. ಹೊಳೆಯ ಹತ್ತಿರ ಎಷ್ಟೋ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ. ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ವಾಪಸ್, ತಡವಾದರೆ ಯಾರಿಗೆ ತಿಳಿಸಬೇಕು ಅನ್ನುವುದನ್ನು ಬೆಂಗಳೂರಿನಲ್ಲಿರುವ ಒಬ್ಬರಿಗೆ ಬರೆದು ಕಳಿಸಿ. ತುರ್ತಿಗೆ 112, ಆ್ಯಂಬುಲೆನ್ಸಿಗೆ 108. ಹತ್ತಿರದ ತಾಲ್ಲೂಕು ಆಸ್ಪತ್ರೆ ವಿರಾಜಪೇಟೆಯಲ್ಲಿ, ದೊಡ್ಡದು ಮಡಿಕೇರಿಯಲ್ಲಿ.

7. ಮೈಮೇಲೆ ಏನಿರಬೇಕು

ಜೀನ್ಸ್ ಬೇಡ, ಒದ್ದೆಯಾದರೆ ಕಲ್ಲಿನಷ್ಟು ಭಾರ. ಬೇಗ ಒಣಗುವ ಬಟ್ಟೆ, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಳೇ ಶೂ ಸಾಕು. ಹವಾಯಿ ಚಪ್ಪಲಿ ಮೊದಲ ಅಲೆಗೇ ಕೇರಳಕ್ಕೆ ಹೊರಡುತ್ತದೆ. ಕನ್ನಡಕಕ್ಕೆ ದಾರ ಕಟ್ಟಿ. ಉಂಗುರ, ಬಳೆ, ಸರ ರೂಮಿನಲ್ಲೇ ಬಿಡಿ. ತಾಳಿಸರ ಬಿಚ್ಚಲು ಮನಸ್ಸಿಲ್ಲದವರು ಅದನ್ನು ಒಳಗೆ ಹಾಕಿ ಮೇಲೆ ಬಿಗಿಯಾದ ಟೀಶರ್ಟ್ ಹಾಕಿಕೊಳ್ಳಿ, ಹಗ್ಗಕ್ಕೆ ಸಿಕ್ಕಬಾರದು. ಸೆಲ್ಫಿ ಕೋಲು ಬೇಡವೇ ಬೇಡ.

ಜಾಕೆಟ್ಟಿಗೆ ಮಾತ್ರ ಐದು ನಿಮಿಷ ಕೊಡಿ. ಎಲ್ಲ ಬಕಲ್ ಹಾಕಿ, ಕೆಳಗಿನ ಪಟ್ಟಿಯಿಂದ ಶುರುಮಾಡಿ ಮೇಲಕ್ಕೆ ಬಿಗಿಯಿರಿ. ಈಗ ಸ್ನೇಹಿತರೊಬ್ಬರು ನಿಮ್ಮ ಹಿಂದೆ ನಿಂತು ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲ ದಾಟಿ ಮೂಗಿಗೆ ಬಂದರೆ ಸಡಿಲ. ನೀರಿನಲ್ಲಿ ಅದು ತೇಲುತ್ತದೆ, ನೀವು ಒಳಗೆ ಜಾರುತ್ತೀರಿ. ಮತ್ತೆ ಬಿಗಿಯಿರಿ, ಆಗಲೂ ಸರಿಯಾಗದಿದ್ದರೆ ಬೇರೆ ಸೈಜ್ ಕೇಳಿ. ಆಮೇಲೆ ಒಳಗಿನ ಫೋಮನ್ನು ಬೆರಳಲ್ಲಿ ಒತ್ತಿ ನೋಡಿ. ಒಳ್ಳೆಯದು ಮತ್ತೆ ಉಬ್ಬುತ್ತದೆ. ಒಮ್ಮೆ ನನಗೆ ಕೊಟ್ಟ ಜಾಕೆಟ್ ಒತ್ತಿದರೆ ಹಳೇ ರಸ್ಕಿನ ಹಾಗೆ ಪುಡಿಪುಡಿ ಸದ್ದು ಮಾಡಿತು. ಬದಲಾಯಿಸಿ ಅಂದಿದ್ದಕ್ಕೆ "ಎಲ್ಲ ಒಂದೇ ಸಾರ್" ಅಂದರು. ನಾನು ಇಳಿಯಲಿಲ್ಲ.

ಹೆಲ್ಮೆಟ್ ಹಾಕಿ ಜೋರಾಗಿ ತಲೆ ಅಲ್ಲಾಡಿಸಿ. ಹೆಲ್ಮೆಟ್ ತಲೆ ಜೊತೆಗೇ ತಿರುಗಬೇಕು. ಹಣೆ ಮುಚ್ಚಿರಬೇಕು.

8. ದಡದಲ್ಲಿ ಅರ್ಧ ಗಂಟೆ

ಜೀಪಿನಿಂದ ಇಳಿದ ಕೂಡಲೇ ಒಂದು ಕಡ್ಡಿ ಹುಡುಕಿ, ನೀರು ಮಣ್ಣು ಮುಟ್ಟುವ ಅಂಚಿನಲ್ಲಿ ನೆಡಿ. ಬ್ರೀಫಿಂಗ್, ಅಂದರೆ ಗೈಡ್ ಹೇಳಿಕೊಡುವ ಪಾಠ, ಮುಗಿಸಿ ಬಂದು ನೋಡಿ. ಕಡ್ಡಿಯ ಬುಡ ಒಣಗಿದ್ದರೆ ನೀರು ಇಳಿಯುತ್ತಿದೆ. ನಾಲ್ಕು ಬೆರಳು ಮುಳುಗಿದ್ದರೆ ಮೇಲೆಲ್ಲೋ ಜೋರು ಮಳೆಯಾಗಿದೆ. ಬಣ್ಣ ನೋಡಿ: ತಿಳಿಯಾಗಿದ್ದದ್ದು ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದೆಯಾ? ಒಣ ಎಲೆ, ಕಡ್ಡಿ, ಕಸ ನಡುನೀರಲ್ಲಿ ತೇಲಿ ಬರುತ್ತಿದೆಯಾ? ಹೊಳೆ ಏರುವಾಗ ಮೊದಲು ದಡವನ್ನು ಗುಡಿಸಿಕೊಂಡು ಬರುತ್ತದೆ. ಕಿವಿಗೂ ಗೊತ್ತಾಗುತ್ತದೆ, ನೀರಿನ ಸದ್ದು ದಪ್ಪವಾಗುತ್ತದೆ.

ಒಂದು ಜುಲೈನಲ್ಲಿ ನಾವು ನೆಟ್ಟ ಕಾಫಿ ಗಿಡದ ಕಡ್ಡಿ ಹತ್ತೇ ನಿಮಿಷದಲ್ಲಿ ಕಾಣೆ. ವಾಪಸ್ ಬಂದೆವು. ಒಬ್ಬ ಗೆಳೆಯ ಹುಣಸೂರಿನವರೆಗೂ ಮಾತಾಡಲಿಲ್ಲ.

ಬ್ರೀಫಿಂಗ್ ಕನ್ನಡದಲ್ಲೇ ಇರಬೇಕೆಂದಿಲ್ಲ. ಗೈಡುಗಳಲ್ಲಿ ನೇಪಾಳ, ಉತ್ತರಾಖಂಡದ ಕಡೆಯವರೂ ಇರುತ್ತಾರೆ. ಫಾರ್ವರ್ಡ್, ಬ್ಯಾಕ್, ಸ್ಟಾಪ್, ಗೆಟ್ ಡೌನ್ ಅನ್ನುವ ನಾಲ್ಕು ಕೂಗು ಗುಂಪಿನ ಎಲ್ಲರಿಗೂ ಅರ್ಥವಾಗಿದೆಯಾ ಅಂತ ಒಮ್ಮೆ ಮಾಡಿಸಿ ನೋಡಿ. ಗೆಟ್ ಡೌನ್ ಅಂದರೆ ರಾಫ್ಟಿನ ಒಳಗೆ ಕುಕ್ಕರಿಸಿ ಹಗ್ಗ ಹಿಡಿಯುವುದು. ಗೊತ್ತಿಲ್ಲದವರು ಹೊಳೆಗೆ ಹಾರಿಬಿಟ್ಟಾರು!

ಸನ್ನೆಗಳಲ್ಲಿ ಒಂದನ್ನು ಮರೆಯಬೇಡಿ. ಗೈಡ್ ಕೈ ತೋರಿಸಿದ ಕಡೆಗೇ ಹೋಗಬೇಕು. ಅವರು ಯಾವತ್ತೂ ಅಪಾಯದ ಕಡೆ ಬೆರಳು ತೋರಿಸುವುದಿಲ್ಲ, ಸುರಕ್ಷಿತ ಕಡೆಗೆ ಮಾತ್ರ. ನೀವೂ ಹಾಗೇ ಮಾಡಿ. ತಲೆ ಮೇಲೆ ಕೈಯಿಂದ ತಟ್ಟಿಕೊಂಡರೆ ನಾನು ಚೆನ್ನಾಗಿದ್ದೇನೆ ಅಂತ. ಮೂರು ಸೀಟಿ ಅಂದರೆ ತುರ್ತು.

ಪ್ಯಾಡಲಿನ, ಅಂದರೆ ಹುಟ್ಟಿನ, ಮೇಲ್ತುದಿಯ ಅಡ್ಡ ಹಿಡಿಯನ್ನು ಕೈಯಿಂದ ಬಿಡಬಾರದು. ಪಕ್ಕದವರ ಹಲ್ಲು ಮುರಿಯುವುದು ಅದೇ.

9. ನೀರಿಗೆ ಬಿದ್ದರೆ

ಬೀಳುತ್ತೀರಿ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. ಹರಿವಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಹೋರಾಡಿ ಗೆಲ್ಲುವ ಎದುರಾಳಿ ಅಲ್ಲ ಇದು.

ಬೆನ್ನ ಮೇಲೆ ಮಲಗಿ. ಕಾಲು ಹೊಳೆ ಹರಿಯುವ ಕಡೆಗೆ, ಮಂಡಿ ಸ್ವಲ್ಪ ಮಡಿಸಿ, ಕಾಲಿನ ಬೆರಳು ನೀರಿನ ಮೇಲೆ ನಿಮಗೆ ಕಾಣಬೇಕು. ಬಂಡೆ ಬಂದರೆ ಪಾದ ತಗಲಲಿ, ತಲೆಯಲ್ಲ. ಅಲೆಯ ತುದಿಯಲ್ಲಿ ಬಾಯಿ ಮುಚ್ಚಿ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಉಸಿರು ಎಳೆಯಿರಿ. ರಾಫ್ಟಿನ ಅಡಿಯಲ್ಲಿ ಸಿಕ್ಕಿಕೊಂಡರೆ ಅಂಗೈಯಿಂದ ಅದರ ತಳ ಒತ್ತುತ್ತಾ ಒಂದೇ ದಿಕ್ಕಿಗೆ ಸರಿಯಿರಿ, ಹೊರಗೆ ಬರುತ್ತೀರಿ.

ಎದ್ದು ನಿಲ್ಲಬೇಡಿ. ಇದು ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ. ಸೊಂಟದಷ್ಟು ನೀರು ಕಂಡರೆ ನಮ್ಮ ಕಾಲು ತಾನಾಗಿ ನೆಲ ಹುಡುಕುತ್ತದೆ. ಎರಡು ಕಲ್ಲಿನ ಸಂದಿಯಲ್ಲಿ ಪಾದ ಸಿಕ್ಕಿತು ಅಂದುಕೊಳ್ಳಿ. ಹಿಂದಿನಿಂದ ಸೆಳವು ದೂಡುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಮುಖ ನೀರಿನೊಳಗೆ ಹೋಗುತ್ತದೆ. ಈಜುಗಾರರೂ ಸಾಯುವುದು ಹೀಗೆ, ಅದೂ ಎದೆಮಟ್ಟದ ನೀರಿನಲ್ಲಿ. ಮಂಡಿಗಿಂತ ಕಮ್ಮಿ ನೀರಿಗೆ ಬಂದು, ಸೆಳವು ಸಡಿಲವಾದ ಮೇಲೆ ಮಾತ್ರ ಏಳಿ.

ಬಂಡೆಯ ಹಿಂದೆ ನೀರು ಸುತ್ತಿ ನಿಧಾನವಾಗಿ ಹೊಳೆಯ ಎದುರು ದಿಕ್ಕಿಗೆ ಹರಿಯುವ ಜಾಗಕ್ಕೆ ಎಡ್ಡಿ ಅನ್ನುತ್ತಾರೆ. ಅದು ನಿಮ್ಮ ಬಸ್ ಸ್ಟಾಪ್. ಅದು ಹತ್ತಿರ ಬಂದಾಗ ಬೋರಲು ತಿರುಗಿ, ಶಕ್ತಿ ಎಲ್ಲ ಹಾಕಿ ಓರೆಯಾಗಿ ಆ ಕಡೆ ಈಜಿ.

ಬೆನ್ನ ಮೇಲೆ ತೇಲುವ ನಿಯಮಕ್ಕೆ ಇನ್ನೊಂದು ಅಪವಾದ: ನೀರಿಗೆ ಅಡ್ಡ ಬಿದ್ದ ಮರ, ಬಿದಿರು ಮೆಳೆ. ನೀರು ಜರಡಿಯ ಹಾಗೆ ಅದರ ಮೂಲಕ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ದೂರದಿಂದಲೇ ತಪ್ಪಿಸಿ. ಆಗಲಿಲ್ಲವಾದರೆ ತಲೆ ಮುಂದೆ ಮಾಡಿ, ಅದರತ್ತಲೇ ಜೋರಾಗಿ ಈಜಿ, ಕೊಂಬೆ ಹಿಡಿದು ಮೈಯನ್ನು ಮೇಲಕ್ಕೆ ಎಸೆಯಿರಿ. ಕಾಲು ಮೊದಲು ಹೋದರೆ ಅಡಿಗೆ ಎಳೆದುಕೊಳ್ಳುತ್ತದೆ.

ಹಗ್ಗ ಎಸೆದರೆ ಹಗ್ಗವನ್ನೇ ಹಿಡಿಯಿರಿ, ಚೀಲವನ್ನಲ್ಲ. ಎದೆಗೆ ಒತ್ತಿ ಹಿಡಿದು ಬೆನ್ನ ಮೇಲೆ ಮಲಗಿ, ಹಗ್ಗ ಭುಜದ ಮೇಲಿಂದ ಹೋಗಲಿ. ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ, ಬೇಕೆಂದಾಗ ಬಿಡಲು ಆಗಬೇಕು. ದಡದಲ್ಲಿರುವವರಿಗೂ ಒಂದು ಮಾತು: ಬಿದ್ದವರನ್ನು ಉಳಿಸಲು ನೀವು ಹಾರಬೇಡಿ. ಗೈಡಿಗೆ ಇಬ್ಬರನ್ನು ಹುಡುಕುವ ಕೆಲಸ ಕೊಟ್ಟಂತೆ ಆಗುತ್ತದೆ.

10. ಬಂದ ಮೇಲೆ

ಒದ್ದೆ ಬಟ್ಟೆ ಬದಲಾಯಿಸಿ, ಜಿಗಣೆ ಕಚ್ಚಿದ ಜಾಗ, ತರಚು ಗಾಯ ಎಲ್ಲ ಸೋಪು ಹಾಕಿ ತೊಳೆಯಿರಿ. ಮಳೆಗಾಲದ ನೀರಿನಿಂದ ಇಲಿ ಜ್ವರ ಬರಬಹುದು. ಗಾಯದ ಮೂಲಕ ರೋಗಾಣು ಒಳಗೆ ಹೋದರೂ ಒಂದೆರಡು ವಾರ ಸುಮ್ಮನಿರುತ್ತದೆ. ಆಮೇಲೆ ಚಳಿ ಜ್ವರ, ಮೀನಖಂಡದಲ್ಲಿ ಹಿಂಡುವ ನೋವು, ಕಣ್ಣು ಕೆಂಪಾಗುವುದು ಶುರುವಾದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರ ಹತ್ತಿರ ಹೋದ ಕೂಡಲೇ "ಹತ್ತು ದಿನದ ಹಿಂದೆ ಕೊಡಗಿನ ಹೊಳೆಯಲ್ಲಿ ಬಿದ್ದಿದ್ದೆ" ಅಂತ ನೀವಾಗಿಯೇ ಹೇಳಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಕೂತವರಿಗೆ ಅದನ್ನು ಕೇಳಬೇಕು ಅಂತ ಹೊಳೆಯದೇ ಇರಬಹುದು.